ತೊಟ್ಟವರ ಎಡ

ನಮ್ಮಪ್ಪ ಬದುಕಿರುವಷ್ಟು ದಿನ ಅಳತೆ ತಪ್ಪಿದ ಅಂಗಿಯೊಂದನ್ನೂ ಅಂಗಡಿಯಿಂದ ಆಚೆ ಕಳಿಸಿದವನಲ್ಲ. ಗಿರಾಕಿಗೆ ಅವಸರವಿದ್ದರೆ ಬೇರೆ ದರ್ಜಿಯ ಹತ್ತಿರ ಹೋಗಲಿ ಎನ್ನುತ್ತಿದ್ದನೇ ಹೊರತು ಕಾಲರ್ ಒಂದು ನೂಲಿನಷ್ಟು ಸೊಟ್ಟ ಕೂತರೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ. ಅಂಥ ಮನುಷ್ಯ ಉಯಿಲು ಬರೆಸುವಾಗ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೊರಟುಹೋದ.

ಉಯಿಲಿನಲ್ಲಿ ಇದ್ದದ್ದು ಇಷ್ಟು: ‘ನನ್ನ ಮನೆಯ ಎಡಭಾಗ ನನ್ನ ಮಗನಿಗೆ, ಬಲಭಾಗ ನನ್ನ ಮಗಳಿಗೆ. ನಡುವಿನ ಓಣಿ ಮತ್ತು ಹಿತ್ತಿಲು ಇಬ್ಬರಿಗೂ ಸೇರಿದ್ದು.’ ಕೆಳಗೆ ಅಪ್ಪನ ರುಜು, ಇಬ್ಬರು ಸಾಕ್ಷಿಗಳ ರುಜು. ಓದಿದಾಗ ನನಗೂ ತಮ್ಮನಿಗೂ ಕಣ್ಣು ತುಂಬಿತು. ಎಷ್ಟು ಸರಳವಾಗಿ ಹೇಳಿದ್ದಾನೆ ನೋಡು ಎಂದುಕೊಂಡೆವು. ಸರಳವಾಗಿ ಹೇಳಿದ ಮಾತಿನ ಹಾಗೆ ಕಾಡುವುದು ಇನ್ನೊಂದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮನೆಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಬೀದಿಯಲ್ಲಿ ನಿಂತು ನೋಡಿದರೆ ನಡುವೆ ಬಾಗಿಲು, ಒಳಗೆ ಉದ್ದದ ಓಣಿ, ಓಣಿಯ ಎರಡೂ ಬದಿಗೆ ಒಂದೊಂದು ಭಾಗ. ನೋಡುವವರ ಎಡಗೈ ಕಡೆಗೆ ದೊಡ್ಡ ಕಿಟಕಿಯ ಕೋಣೆ. ಬೆಳಿಗ್ಗೆ ಬಂದ ಬಿಸಿಲು ಮಧ್ಯಾಹ್ನದವರೆಗೆ ಅಲ್ಲಿಂದ ಕದಲುವುದಿಲ್ಲ. ಅಪ್ಪನ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ ಎಲ್ಲ ಅಲ್ಲೇ. ಹುಡುಗಿಯಾಗಿದ್ದಾಗಿನಿಂದ ನಾನು ಆ ಕಿಟಕಿಯ ಪಕ್ಕ ಕೂತವಳು. ನಡುವೆ ಮದುವೆಯಾಗಿ ಹೋದೆ, ಗಂಡ ಇಲ್ಲವಾದ ಮೇಲೆ ವಾಪಸ್ಸು ಬಂದೆ, ಬಂದ ದಿನವೇ ಅಪ್ಪ ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟ. ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ.

ಬಲಗೈ ಕಡೆಯ ಭಾಗ ಕತ್ತಲೆಯದು. ಪಕ್ಕದ ಮನೆಯ ಹೊರಮೆಟ್ಟಿಲು ಸರಿಯಾಗಿ ಅದರ ಮುಂದೆಯೇ ಅಡ್ಡ ನಿಂತಿದೆ. ಅಲ್ಲಿ ನನ್ನ ತಮ್ಮನ ಅಂಗಡಿ: ಗುಂಡಿ, ದಾರ, ಲೇಸು, ಜಿಪ್ಪು. ಹಗಲಲ್ಲೂ ಬಲ್ಬು ಉರಿಯಬೇಕು. ಬೀದಿಯವರೆಲ್ಲ ಅವನನ್ನು ಗುಂಡಿ ಸಾಹುಕಾರ ಎಂದು ಕರೆಯುತ್ತಾರೆ. ಸಾಹುಕಾರನ ಅಂಗಡಿ ಅಲ್ಲಿದೆ ಎನ್ನುವುದು ಬೀದಿಯವರಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮನೆಯನ್ನು ನಮ್ಮ ನಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕಚೇರಿಗೆ ಹೋದೆವು. ಅಲ್ಲಿಯ ಅಧಿಕಾರಿ ಉಯಿಲನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ಎಡಭಾಗ ಅಂದ್ರೆ ಯಾವ ಕಡೆಯಿಂದ ಎಡ?” ಎಂದರು.

“ಕತ್ತಲೆ ಕೋಣೆ ಕಡೆ,” ಎಂದೆ ನಾನು.

“ಕಿಟಕಿ ಕೋಣೆ ಕಡೆ,” ಎಂದ ತಮ್ಮ.

ಇಬ್ಬರೂ ಒಟ್ಟಿಗೇ ಹೇಳಿದ್ದೆವು. ನಾನು ತಿರುಗಿ ಅವನ ಮುಖ ನೋಡಿದೆ. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. ಕಿಟಕಿಯ ಕೋಣೆ ತನ್ನದೆಂದು ಅವನು ಅಂದುಕೊಂಡಿದ್ದಾನೆಂದು ನನಗೆ ತಿಳಿದದ್ದು ಆವಾಗಲೇ.

“ಬೀದಿಯಿಂದ ನೋಡಿದ್ರೆ ಅದೇ ತಾನೆ ಎಡ?” ಎಂದ ಅವನು, ಗಡಿಯಾರಕ್ಕೆ ಹೇಳುವವನ ಹಾಗೆ.

ಅಧಿಕಾರಿ ಕಡತ ಕಟ್ಟಿಬಿಟ್ಟರು. “ನೀವಿಬ್ರೂ ಕೋರ್ಟಿಗೆ ಹೋಗಿ ಇದನ್ನ ಓದಿಸ್ಕೊಂಡು ಬನ್ನಿ. ಅಲ್ಲಿ ಏನು ಹೇಳ್ತಾರೋ ಅದನ್ನೇ ನಾನು ಬರ್ಕೋತೀನಿ.”

ತಮ್ಮನದು ತೀರ ದುರಾಸೆಯೇನಲ್ಲ. ಎದುರುಗಡೆ ಹೊಸದಾಗಿ ಬಸ್ ನಿಲ್ದಾಣ ಬಂದಿತ್ತು. ಜನ ಬಸ್ಸಿಗೆ ಕಾಯುತ್ತ ನಮ್ಮ ಕಿಟಕಿಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಗುಂಡಿಗಳನ್ನು ಜೋಡಿಸಿಟ್ಟರೆ ಅಂಗಡಿ ಉಳಿಯುತ್ತದೆ ಎಂದು ಅವನ ಲೆಕ್ಕ. ನನ್ನದೂ ಹೊಟ್ಟೆಪಾಡೇ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹೊಲಿಯಬೇಕಾದರೆ ಬಿಸಿಲೇ ಬೇಕು. ಬಲ್ಬಿನಡಿ ನನಗೀಗ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಕಾಣುವುದಿಲ್ಲ. ಆ ಕಿಟಕಿ ಹೋದರೆ ನನ್ನ ಕೆಲಸವೂ ಹೋದ ಹಾಗೆ.

ಹಾಗೆಂದು ನಾವು ಜಗಳವಾಡಲಿಲ್ಲ. ತಮ್ಮನ ಹೆಂಡತಿ ಗಟ್ಟಿಗಿತ್ತಿ. “ಕೋರ್ಟಲ್ಲಿ ಬೇಕಾದ್ದು ಮಾಡ್ಕೊಳ್ಳಿ, ಮನೇಲಿ ಒಂದೇ ಒಲೆ,” ಎಂದು ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳಿದಳು. ವಿಚಾರಣೆಯ ದಿನ ನಮ್ಮಿಬ್ಬರಿಗೂ ಸೇರಿಸಿ ಒಂದೇ ಡಬ್ಬಿ ಕಟ್ಟುತ್ತಿದ್ದಳು. ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕೋರ್ಟಿನ ಗೇಟಿನ ತನಕ ಅಕ್ಕ ತಮ್ಮ, ಗೇಟು ದಾಟಿದ ಮೇಲೆ ಅವನು ಅವನ ವಕೀಲರ ಕಡೆಗೆ, ನಾನು ನನ್ನ ವಕೀಲರ ಕಡೆಗೆ. ಮಧ್ಯಾಹ್ನ ಡಬ್ಬಿ ಯಾರ ಕೈಯಲ್ಲಿದೆಯೋ ಅವರು ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಬೇಕು. ಹೀಗೆ ಎದುರಾಳಿಯನ್ನು ಊಟಕ್ಕೆ ಹುಡುಕುವ ಕಕ್ಷಿದಾರರನ್ನು ತಾನು ನೋಡಿಲ್ಲ ಎಂದು ಕೋರ್ಟಿನ ಜವಾನ ನಗುತ್ತಿದ್ದ.

ನ್ಯಾಯಾಧೀಶರು ಒಬ್ಬ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವರು. ಅವರ ಕರಿ ಕೋಟಿನ ಬಲತೋಳು ಅರ್ಧ ಬೆರಳಿನಷ್ಟು ಉದ್ದ ಬಿಟ್ಟಿತ್ತು. ಬರೆಯುವಾಗ ಪ್ರತಿ ಸಲವೂ ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದರು. ನನ್ನ ಕಣ್ಣು ಹೋಗುವುದೇ ಅಂಥ ಕಡೆ. ತಮ್ಮನ ವಕೀಲರ ಕೋಟಿನ ಒಳಬದಿಯ ಅಸ್ತರು ಕೆಳಗೆ ಇಣುಕುತ್ತಿತ್ತು. ನನ್ನ ವಕೀಲರ ಕೋಟು ಪರವಾಗಿಲ್ಲ, ಆದರೆ ಒಳಗಿದ್ದ ಮನುಷ್ಯ ಸಡಿಲ.

ಮೊದಲು ಉಯಿಲು ಬರೆದವರನ್ನು ಕರೆಸಿದರು. ಆತ, “ಅವರು ಹೇಳಿದ್ರು, ನಾನು ಬರೆದೆ. ಯಾವ ಕಡೆಯಿಂದ ಎಡ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ,” ಎಂದು ಕೈ ಮುಗಿದು ಇಳಿದುಹೋದ. ಸಾಕ್ಷಿ ರುಜು ಹಾಕಿದ ಚಪ್ಪಲಿ ಅಂಗಡಿಯವರು, “ಓದಿ ರುಜು ಹಾಕೋ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ ಸ್ವಾಮಿ,” ಎಂದರು. ಇನ್ನೊಬ್ಬ ಸಾಕ್ಷಿ ಅಪ್ಪನಿಗಿಂತ ಮುಂಚೆಯೇ ಹೋಗಿದ್ದರು.

ಆಗ ನ್ಯಾಯಾಧೀಶರು ಹೇಳಿದರು: “ಉಯಿಲನ್ನು ಓದುವಾಗ ನಾವು ನಮ್ಮ ಕುರ್ಚಿಯಲ್ಲಿ ಕೂತು ಓದಬಾರದು. ಬರೆಸಿದವರ ಕುರ್ಚಿಯಲ್ಲಿ ಕೂತು ಓದಬೇಕು. ಅವರ ಸುತ್ತ ಏನಿತ್ತು, ಅವರಿಗೆ ಯಾರು ಹೇಗೆ ಕಾಣುತ್ತಿದ್ದರು, ಅದು ನಮಗೂ ಕಾಣಬೇಕು.”

ಅವರು ಹೇಳಿದ್ದು ಬಹಳ ದೊಡ್ಡ ಮಾತು. ಆದರೆ ನಮ್ಮ ವಕೀಲರಿಬ್ಬರೂ ಬರೀ ಕುರ್ಚಿಯನ್ನು ಹಿಡಿದುಕೊಂಡರು.

ಅಪ್ಪ ಬೀದಿಗೆ ಮುಖ ಮಾಡಿ ಕೂರುತ್ತಿದ್ದ, ಆದ್ದರಿಂದ ಅವನ ಎಡಕ್ಕೆ ಕತ್ತಲೆ ಕೋಣೆ ಎಂದು ನನ್ನ ವಕೀಲರು. ಕಣ್ಣಿನ ಆಪರೇಷನ್ ಆದ ಮೇಲೆ ಬಿಸಿಲು ಚುಚ್ಚುತ್ತದೆಂದು ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದ, ಉಯಿಲು ಆಮೇಲಿನದು ಎಂದು ತಮ್ಮನ ವಕೀಲರು. ಎರಡು ವಾಯಿದೆ ಇದರಲ್ಲೇ ಕಳೆಯಿತು. ಕೊನೆಗೆ ಕೋರ್ಟಿನಿಂದ ಒಬ್ಬ ಕಮಿಷನರನ್ನು ಮನೆ ನೋಡಿ ಬರಲು ಕಳಿಸಿದರು. ಅವರು ಟೇಪು ಹಿಡಿದು ಬಂದು, ಅಪ್ಪನ ಕುರ್ಚಿ ತೋರಿಸಿ ಎಂದರು. ತೋರಿಸಿದೆ. ಅದು ತಿರುಗುವ ಸ್ಟೂಲು. ಅಪ್ಪ ಅದರ ಮೇಲೆ ಕೂತೇ ಯಂತ್ರಕ್ಕೊಮ್ಮೆ, ಮೇಜಿಗೊಮ್ಮೆ, ಗಿರಾಕಿಗೊಮ್ಮೆ ತಿರುಗುತ್ತಿದ್ದ. ಕಮಿಷನರು ಅದರ ಮೇಲೆ ಕೂತು ಒಂದು ಸುತ್ತು ತಿರುಗಿದರು. ಮತ್ತೆ ಇನ್ನೊಂದು ಸುತ್ತು. ತಮ್ಮನ ಹೆಂಡತಿ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ‘ಸದರಿ ಆಸನವು ಎಲ್ಲ ದಿಕ್ಕಿಗೂ ತಿರುಗುತ್ತದೆ’ ಎಂದು ಅವರು ವರದಿ ಕೊಟ್ಟರಂತೆ.

ನನ್ನ ಸರದಿ ಬಂತು. ಕಟಕಟೆಯಲ್ಲಿ ನಿಂತು ನನಗೆ ಗೊತ್ತಿದ್ದುದನ್ನು ಹೇಳಿದೆ. “ಕುರ್ಚಿ ಯಾವ ಕಡೆಗೆ ಇದ್ದರೂ ಒಂದೇ. ದರ್ಜಿಗೆ ಎಡ ಅಂದ್ರೆ ತೊಟ್ಟವರ ಎಡ. ಗಿರಾಕಿ ನಮ್ಮೆದುರು ನಿಂತಿರ್ತಾರೆ. ಅವರ ಎಡತೋಳು ನಮ್ಮ ಬಲಕ್ಕೆ ಬರುತ್ತೆ. ಆದ್ರೂ ನಾವು ಅದನ್ನ ಎಡತೋಳು ಅಂತಲೇ ಕರೀತೀವಿ. ನಮ್ಮಪ್ಪ ಯಾವತ್ತೂ ತನ್ನ ಎಡಬಲ ಲೆಕ್ಕಕ್ಕೆ ಇಟ್ಕೊಂಡೋರೇ ಅಲ್ಲ. ಮನೆ ಬೀದಿಗೆ ಮುಖ ಮಾಡಿ ನಿಂತಿದೆ. ಅದರ ಎಡಕ್ಕೆ ಕತ್ತಲೆ ಕೋಣೆ, ಬಲಕ್ಕೆ ಕಿಟಕಿ ಕೋಣೆ.”

ತಮ್ಮನ ವಕೀಲರು ಎದ್ದರು. “ಅಮ್ಮಾ, ಮನೆ ಅಂಗಿಯಲ್ಲ. ಅದನ್ನ ಯಾರೂ ತೊಟ್ಕೊಳ್ಳಲ್ಲ. ಅಲ್ವಾ?”

“ಅಲ್ಲ.”

“ಮನೆ ವಿಷಯದಲ್ಲಿ ನಿಮ್ಮ ತಂದೆ ಹೀಗೆ ಎಡ ಬಲ ಅಂದಿದ್ದನ್ನ ನೀವು ಕಿವಿಯಾರೆ ಕೇಳಿದೀರಾ?”

ಬಾಯಿ ತೆರೆದೆ. ಕೇಳಿದ್ದೇನೆ ಎನ್ನಬಹುದಿತ್ತು. ಆದರೆ ನೆನಪಿನ ಪೆಟ್ಟಿಗೆಯೆಲ್ಲ ತಡಕಾಡಿದರೂ ಅಂಥದ್ದು ಒಂದೂ ಸಿಗಲಿಲ್ಲ. ನಮಗೆ ಅದು ಕಿಟಕಿ ಕೋಣೆ, ಇದು ಕತ್ತಲೆ ಕೋಣೆ. ಎಡಬಲದ ಅಗತ್ಯವೇ ಬಿದ್ದಿರಲಿಲ್ಲ. “ಇಲ್ಲ,” ಎಂದೆ.

“ಅಂದ್ರೆ ನಿಮಗೆ ಅನುಕೂಲ ಆಗೋ ಎಡ ಈಗ ಹೊಳೀತು, ಅಷ್ಟೇ,” ಎಂದು ಅವರು ಕೂತರು. ಹಿಂದೆ ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅಸ್ತರು ಇಣುಕುವ ಕೋಟಿನವರಿಂದ ಮಾತು ಕೇಳಬೇಕಾಯಿತಲ್ಲ ಎಂದು ಸಿಟ್ಟೂ ಬಂತು.

ಆಮೇಲೆ ತಮ್ಮನನ್ನು ಕರೆದರು. ಅವನ ವಕೀಲರು ಬೀದಿಯಿಂದ ನೋಡಿದರೆ ಯಾವುದು ಎಡ ಎಂದಷ್ಟೇ ಕೇಳಿ ಮುಗಿಸಿದರು. ನನ್ನ ವಕೀಲರು ಮತ್ತೆ ಸ್ಟೂಲಿನ ವಿಷಯವೇ ಕೇಳಿ ಕೂತುಬಿಟ್ಟರು. ಅವನು ಇನ್ನೇನು ಇಳಿಯಬೇಕು, ನ್ಯಾಯಾಧೀಶರು ತೋಳು ಹಿಂದಕ್ಕೆ ತಳ್ಳಿಕೊಂಡು, “ಸ್ವಲ್ಪ ನಿಲ್ಲಿ,” ಎಂದರು. “ನೀವೂ ದರ್ಜಿಯ ಮಗ. ನಿಮ್ಮ ಅಕ್ಕ ಹೇಳಿದ್ದನ್ನ ಕೇಳಿಸ್ಕೊಂಡ್ರಿ. ನಿಮ್ಮ ತಂದೆ ಎಡ ಅಂದ್ರೆ ಅದು ಯಾರ ಎಡ ಆಗಿರ್ತಿತ್ತು? ಮನೆ ವಿಷಯದಲ್ಲಿ ಅವರು ಏನಾದ್ರೂ ಹೇಳಿದ್ದು ನಿಮಗೆ ಗೊತ್ತಾ?”

ಗೊತ್ತಿಲ್ಲ ಎಂದರೆ ಮುಗಿಯಿತು. ನನ್ನ ಮಾತಿಗೆ ಬೇರೆ ಆಸರೆಯಿಲ್ಲ, ಕಿಟಕಿ ಅವನದು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನ ವಕೀಲರು ಕಣ್ಣಲ್ಲೇ ‘ಇಲ್ಲ’ ಎನ್ನುತ್ತಿದ್ದರು. ತಮ್ಮನ ಬಲಗೈ ಮೆಲ್ಲನೆ ಎದೆಯ ಎಡಭಾಗಕ್ಕೆ ಹೋಗಿ, ಬರಿ ಬಟ್ಟೆಯನ್ನು ಸವರಿ, ಕೆಳಗಿಳಿಯಿತು. ಅವನ ಅಂಗಿಗೆ ಜೇಬಿರಲಿಲ್ಲ. ಅವನ ಅಂಗಿಗಳನ್ನೆಲ್ಲ ಹೊಲಿಯುವವಳು ನಾನೇ. ಒಂದಕ್ಕೂ ಅವನು ಜೇಬು ಇಡಿಸಿದವನಲ್ಲ. ಏನೋ ಹುಡುಗುಬುದ್ಧಿ ಎಂದು ಬಿಟ್ಟಿದ್ದೆ. ಅವನಿಗೆ ತಲೆ ನರೆತ ಮೇಲೂ ಹಾಗೇ ಹೊಲಿದುಕೊಡುತ್ತಿದ್ದೆ.

“ಚಿಕ್ಕವನಿದ್ದಾಗ ನಾನೂ ಹೊಲಿಗೆ ಕಲೀತಿದ್ದೆ,” ಎಂದ ತಮ್ಮ. ದನಿ ತೀರ ಸಣ್ಣದಿತ್ತು. “ಮೊದಲನೇ ಸಲ ಒಂದು ಪೂರ್ತಿ ಅಂಗಿ ನಾನೇ ಹೊಲಿದೆ. ಅಪ್ಪನಿಗೆ ತೋರಿಸದೆ, ಆಶ್ಚರ್ಯ ಆಗ್ಲಿ ಅಂತ. ಮೇಜಿನ ಮೇಲೆ ಹರವಿ ಎಡಗಡೆ ಜೇಬು ಇಟ್ಟೆ. ನನ್ನ ಎಡಗಡೆ. ಗಿರಾಕಿ ತೊಟ್ಕೊಂಡಾಗ ಜೇಬು ಬಲಕ್ಕೆ ಬಂತು. ಅಂಗಡೀಲಿದ್ದೋರೆಲ್ಲ ನಕ್ರು.”

ಅದು ನನಗೆ ನೆನಪಿತ್ತು. ಆ ಜೇಬನ್ನು ಬಿಚ್ಚಿ ಸರಿಮಾಡಲು ಅಪ್ಪ ನನ್ನ ಕೈಗೆ ಕೊಟ್ಟಿದ್ದ. ಅಷ್ಟರಲ್ಲೇ ಮುಗಿಯಿತೆಂದು ನಾನು ತಿಳಿದಿದ್ದೆ.

“ಅಪ್ಪ ಹೊಡೀಲಿಲ್ಲ,” ಎಂದು ಅವನು ಮುಂದುವರಿಸಿದ. “ಕೈ ಹಿಡಿದು ಬೀದಿಗೆ ಕರ್ಕೊಂಡು ಹೋದ್ರು. ಮನೆ ಎಡ ತೋರ್ಸು ಅಂದ್ರು. ನಾನು ಕಿಟಕಿ ಕೋಣೆ ತೋರಿಸ್ದೆ. ಅಲ್ಲ ಅಂದ್ರು. ಮನೆ ಬಾಗಿಲಿಗೆ ನನ್ನ ಬೆನ್ನು ತಾಗಿಸಿ, ಬೀದಿ ಕಡೆ ಮುಖ ಮಾಡಿ ನಿಲ್ಲಿಸಿದ್ರು. ‘ನೋಡೋರ ಎಡ ಹೊತ್ತಿಗೊಂದು ಕಡೆ ಹೋಗುತ್ತೆ. ತೊಟ್ಟವರ ಎಡ ಅವರ ಜೊತೇಲೇ ಇರುತ್ತೆ. ಮನೆಗೂ ಒಂದು ಎಡ ಇದೆ, ಅದು ಈ ಕಡೆ’ ಅಂತ ಕತ್ತಲೆ ಕೋಣೆ ಕಡೆ ನನ್ನ ಕೈ ಎತ್ತಿ ತೋರಿಸಿದ್ರು. ಸಾಯಂಕಾಲದವರೆಗೂ ಬಾಗಿಲಲ್ಲಿ ನಿಂತು, ಬಂದು ಹೋಗೋರಿಗೆಲ್ಲ ಮನೆ ಎಡ ಯಾವುದು ಅಂತ ಹೇಳು ಅಂದ್ರು. ಹೇಳ್ದೆ. ನನ್ನ ಜೊತೆ ಆಡೋ ಹುಡುಗರೂ ಬಂದು ಕೇಳಿ ನಗ್ತಾ ಹೋದ್ರು.”

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ಅವತ್ತು ಅವನು ಬಾಗಿಲಲ್ಲಿ ನಿಂತದ್ದು ಕಿಟಕಿಯಿಂದ ನನಗೂ ಕಂಡಿತ್ತು, ಹುಡುಗರ ಜೊತೆ ಆಡುತ್ತಿದ್ದಾನೆ ಎಂದುಕೊಂಡಿದ್ದೆ.

“ಅಪ್ಪನಿಗೆ ಅದು ಪಾಠ. ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಆದ್ರೆ ಮಾರನೇ ದಿನದಿಂದ ನಾನು ಕತ್ತರಿ ಮುಟ್ಟಲಿಲ್ಲ,” ಎಂದ ಅವನು. “ಕತ್ತಲೆ ಕೋಣೇನೇ ಮನೆಯ ಎಡ. ನಮ್ಮಪ್ಪ ಅದನ್ನ ಬಾಯಾರೆ ಹೇಳಿದಾರೆ.”

ನನಗೆ ಅಳು ಬಂತು. ಕಿಟಕಿ ಉಳಿಯಿತೆಂಬ ಸಂತೋಷ ಒಂದು ಚೂರೂ ಆಗಲಿಲ್ಲ. ಹೊಲಿಗೆಯಲ್ಲಿ ಮುಂದೆ ಏನೂ ಇಲ್ಲ, ಅದಕ್ಕೇ ಗುಂಡಿ ಅಂಗಡಿ ಇಟ್ಟೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು ಅವನು. ನಾವು ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನನ್ನು ಎಷ್ಟು ರೇಗಿಸಿದ್ದೆವು! ಇಷ್ಟು ವರ್ಷ ಹೆಂಡತಿಗೂ ಹೇಳದೆ ನುಂಗಿಕೊಂಡದ್ದನ್ನು ಕರಿ ಕೋಟುಗಳ ಮುಂದೆ, ಅದೂ ತನಗೇ ನಷ್ಟವಾಗುವ ಹಾಗೆ ಹೇಳಿಬಿಟ್ಟ.

ಹೊರಗೆ ಬಂದಾಗ ಅವನ ವಕೀಲರು ಕೆಂಡವಾಗಿದ್ದರು. “ಕೈಯಲ್ಲಿದ್ದದ್ದನ್ನ ಕೈಯಾರೆ ಚೆಲ್ಲಿಬಿಟ್ರಲ್ಲ ಮಾರಾಯ್ರೇ!”

“ಅವರು ಕೇಳಿದ್ರು, ಹೇಳ್ದೆ,” ಎಂದ ತಮ್ಮ.

ಡಬ್ಬಿ ನನ್ನ ಕೈಯಲ್ಲಿತ್ತು. ಕೋರ್ಟಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಅವನಿಗೆ ಬಡಿಸಿದೆ.

“ಗೊತ್ತಿಲ್ಲ ಅನ್ನಬಹುದಿತ್ತಲ್ಲೋ,” ಎಂದೆ.

“ಅದನ್ನೇ ಹೇಳೋಣ ಅಂತ ಕಟಕಟೆ ಹತ್ತಿದ್ದೆ ಅಕ್ಕ.” ಅವನು ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ ಕೂತ. “ಅವತ್ತಿನ ವಿಷಯ ಇಲ್ಲಿವರೆಗೂ ಒಬ್ರೂ ನನ್ನ ಕೇಳಿರಲಿಲ್ಲ. ಆಯಮ್ಮ ಕೇಳಿದ್ರು. ಬಾಯಿಗೆ ಬಂದುಬಿಡ್ತು.”

ನಾನೂ ಕೇಳಿರಲಿಲ್ಲ. ಅಪ್ಪ ಅಂತೂ ಕೇಳುವವನೇ ಅಲ್ಲ. ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿಗೆ ಹೋದವರ ಬಗ್ಗೆ ಗಾದೆಯೇ ಇದೆ. ಗೆದ್ದು ಕೂತಿದ್ದ ನನಗೆ ಅದರ ಮೊದಲ ಅರ್ಧ ಆ ಬೆಂಚಿನ ಮೇಲೆ ಚೆನ್ನಾಗಿ ತಿಳಿಯಿತು.

ತೀರ್ಪು ಬರುವುದು ತಡವಾಗಲಿಲ್ಲ. ಉಯಿಲಿನ ಮಾತುಗಳನ್ನು ಅಳಿಸುವ ಅಗತ್ಯವಿಲ್ಲ, ಬರೆಸಿದವರು ದರ್ಜಿಯಾಗಿ ಬಾಳಿದವರು, ಎಡ ಬಲಗಳನ್ನು ಅವರು ನೋಡುವವರ ಕಡೆಯಿಂದ ಹೇಳುತ್ತಿರಲಿಲ್ಲ. ಆದ್ದರಿಂದ ‘ಮನೆಯ ಎಡಭಾಗ’ ಎಂಬ ಮಾತಿನ ಮುಂದೆ ‘ಬಾಗಿಲಿಗೆ ಬೆನ್ನು ಕೊಟ್ಟು ಬೀದಿಯ ಕಡೆ ನೋಡುತ್ತ ನಿಂತಾಗ’ ಎಂದು ಸೇರಿಸಿಕೊಂಡು ಓದಬೇಕು ಎಂದು ನ್ಯಾಯಾಧೀಶರು ಬರೆದರು. ಮಗನ ಸಾಕ್ಷ್ಯ ಅವನ ಹಿತಕ್ಕೆ ವಿರುದ್ಧವಾದದ್ದು, ಅದಕ್ಕೇ ಅದನ್ನು ನಂಬುತ್ತೇನೆ ಎಂದೂ ಒಂದು ಸಾಲಿತ್ತು. ಓದಿ ಮುಗಿಸಿ ತೋಳು ಹಿಂದಕ್ಕೆ ತಳ್ಳಿಕೊಂಡರು. ಬಿಚ್ಚಿ ಕೊಟ್ಟರೆ ಅಲ್ಲೇ ಸರಿಮಾಡಿಕೊಡುತ್ತಿದ್ದೆ.

ಕಚೇರಿಯಲ್ಲಿ ಹೆಸರುಗಳು ದಾಖಲಾದವು. ಕಿಟಕಿ ನನ್ನದಾಯಿತು. ಅದೇ ವಾರ ನಾನು ಬಡಗಿಯನ್ನು ಕರೆಸಿ, ಕಿಟಕಿಯ ಕೆಳಗಿನ ಅರ್ಧಕ್ಕೆ ಬೀದಿಗೆ ಕಾಣುವ ಹಾಗೆ ಗಾಜಿನ ಪೆಟ್ಟಿಗೆ ಮಾಡಿಸಿದೆ. ಮೇಲಿನ ಅರ್ಧದ ಬಿಸಿಲು ನನ್ನ ಹೊಲಿಗೆಗೆ ಸಾಕು. ದಾರ ಬಿಸಿಲಿಗೆ ಬಣ್ಣಗೆಡುತ್ತದೆ, ಗುಂಡಿಗೇನೂ ಆಗುವುದಿಲ್ಲ. ತಮ್ಮ ಮೊದಲು ಬೇಡವೇ ಬೇಡ ಎಂದ. “ತೀರ್ಪು ನಿಂದು ಅಂದಿದೆ,” ಎಂದ.

“ನಂದು ಅಂತಲೇ ಹೇಳ್ತಾ ಇರೋದು. ನನ್ನ ಕಿಟಕೀಲಿ ಯಾರ ಗುಂಡಿ ಇಡ್ಬೇಕು ಅಂತ ನಾನು ನೋಡ್ಕೋತೀನಿ,” ಎಂದೆ. ಅವನ ಹೆಂಡತಿ ಅಷ್ಟರಲ್ಲೇ ಗುಂಡಿಯ ರಟ್ಟುಗಳನ್ನು ಹೊತ್ತು ತರುತ್ತಿದ್ದಳು.

ಪೆಟ್ಟಿಗೆ ತುಂಬಿದ ಮೇಲೆ ಅವಳು ಒಳಗೆ ಹೋದಳು. ಅವನು ಹೋಗಲಿಲ್ಲ. ಅಪ್ಪನ ಸ್ಟೂಲಿನ ಮೇಲೆ ಕೂತು ಅತ್ತ ಇತ್ತ ತಿರುಗುತ್ತಿದ್ದ. ಹುಡುಗನಾಗಿದ್ದಾಗ ಕತ್ತರಿ ಬಿಟ್ಟ ಮೇಲೆ ಅವನು ಅದರ ಮೇಲೆ ಕೂತದ್ದನ್ನು ನಾನು ಕಂಡಿರಲಿಲ್ಲ.

“ಅಕ್ಕ, ಅಪ್ಪ ನನಗೆ ಕತ್ತಲೆ ಕೋಣೆ ಯಾಕೆ ಕೊಟ್ಟ?” ಎಂದ.

“ಅಲ್ಲಿ ಕತ್ತಲೆ ಅಂತ ಬರೆಸಿದಾನಾ? ಎಡ ಅಂತ ಬರೆಸಿದಾನೆ,” ಎಂದೆ. “ತೊಟ್ಟವರ ಎಡಕ್ಕೆ, ಎದೆ ಮೇಲೆ, ದರ್ಜಿ ಏನು ಇಡ್ತಾನೋ?”

ಅವನು ತಿರುಗುವುದನ್ನು ನಿಲ್ಲಿಸಿದ. ಅಪ್ಪ ಅದನ್ನೆಲ್ಲ ಯೋಚಿಸಿ ಬರೆಸಿದನೋ, ಇಬ್ಬರೂ ಇದ್ದ ಕಡೆಯೇ ಇರಲಿ ಎಂದು ಬರೆಸಿದನೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಅವನಿಗೆ ಹೇಳಲೂ ಇಲ್ಲ. ಅವನು ಕಣ್ಣೊರೆಸಿಕೊಂಡು ಎದ್ದು ಕತ್ತಲೆ ಕೋಣೆಗೆ ಹೋದ. ಬರುವಾಗ ಕೈಯಲ್ಲಿ ತಿಳಿನೀಲಿ ಬಟ್ಟೆಯಿತ್ತು.

“ಒಂದು ಅಂಗಿ ಹೊಲಿದುಕೊಡು,” ಎಂದು ಮೇಜಿನ ಮೇಲಿಟ್ಟ. “ಜೇಬು ಇಡು.”

ನಾನು ಬಟ್ಟೆ ಹರವಿ, ಅಳತೆ ಹಾಕಿ, ಸೀಮೆಸುಣ್ಣ ಕೈಗೆತ್ತಿಕೊಂಡೆ. ಎದೆಯ ತುಂಡಿನ ಮೇಲೆ ಜೇಬಿನ ಗುರುತು ಹಾಕಬೇಕು. ಹಾಕಲಿಲ್ಲ. ಸೀಮೆಸುಣ್ಣವನ್ನು ಅವನ ಕಡೆ ಚಾಚಿದೆ.

ಅವನು ಸೀಮೆಸುಣ್ಣ ತೆಗೆದುಕೊಂಡ. ಆಮೇಲೆ ಮೇಜನ್ನು ಬಳಸಿಕೊಂಡು ಬಂದು, ಬಟ್ಟೆಗೆ ಬೆನ್ನು ಮಾಡಿ ಬೀದಿಯ ಕಡೆ ಒಮ್ಮೆ ನಿಂತು, ತನ್ನ ಎಡಗೈಯನ್ನು ಒಮ್ಮೆ ನೋಡಿಕೊಂಡು, ತಿರುಗಿ ಸರಿಯಾದ ಕಡೆಗೆ ಗುರುತು ಹಾಕಿದ.